ಒಂದೇ ಲೋಟದ ಪಾನಕ

ಚೈತ್ರ ಕಳೆದು ವೈಶಾಖ ಕಾಲಿಡುವ ಹೊತ್ತಿಗೆ ನಮ್ಮ ಕರ್ಜಗಿಯ ಸೀಮೆಯಲ್ಲಿ ಬಿಸಿಲು ತನ್ನ ಪೂರ್ಣ ಪ್ರತಾಪವನ್ನು ತೋರಿಸತೊಡಗುತ್ತದೆ. ವರದಾ ನದಿಯ ಮಳಲಿನ ಮೇಲೆ ಮಧ್ಯಾಹ್ನ ಬರಿಗಾಲಿಡುವಂತಿಲ್ಲ. ಎರೆಯ ಹೊಲಗಳು ಬಾಯ್ಬಿಟ್ಟು ಮುಂಗಾರಿನ ದಾರಿ ಕಾಯುತ್ತವೆ. ಹಿರಿಯರು ಕಟ್ಟೆಯನ್ನು ತೊರೆದು ಪಡಸಾಲೆಯ ತಂಪನ್ನು ಆಶ್ರಯಿಸುತ್ತಾರೆ. ಆದರೆ ನಾವು ನಾಲ್ವರು ಗೆಳೆಯರಿಗೆ ಇದೇ ತಿರುಗಾಟದ ಕಾಲ. ಒಂದೇ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತ ನಾವು ಮುಂದೆ ಬೇರೆ ಬೇರೆ ಕಾಯಕಗಳನ್ನು ಹಿಡಿದೆವು. ಒಬ್ಬರು ಶಿಕ್ಷಕರಾದರು, ಒಬ್ಬರು ಒಕ್ಕಲುತನವನ್ನೇ ನಂಬಿದರು, ಇನ್ನೊಬ್ಬರು ರೇಲ್ವೆಯಲ್ಲಿ ದುಡಿದು ನಿವೃತ್ತರಾದರು. ಆದರೂ ವರ್ಷಕ್ಕೊಮ್ಮೆ ಬೇಸಿಗೆಯಲ್ಲಿ ಒಂದು ದಿನ ಕೂಡಿಕೊಂಡು ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳನ್ನು ಸುತ್ತಿ, ಆಯಾ ಊರಿನ ತಿಂಡಿ ತಂಪುಗಳನ್ನು ಸವಿದು ಮರಳುವ ಪದ್ಧತಿಯನ್ನು ನಾವು ಬಿಟ್ಟಿಲ್ಲ.

ಹುಬ್ಬಳ್ಳಿ-ಹರಿಹರ ರೇಲ್ವೆ ಮಾರ್ಗವು ಈ ನಾಲ್ಕೂ ಊರುಗಳನ್ನು ಒಂದೇ ದಾರದಲ್ಲಿ ಪೋಣಿಸಿದೆ. ಪ್ರಾಯದಲ್ಲಿ ಪ್ಯಾಸೆಂಜರ್ ಗಾಡಿಯ ಕಟ್ಟಿಗೆಯ ಹಲಗೆಯ ಮೇಲೆ ಕುಳಿತು ಹೋಗುತ್ತಿದ್ದೆವು. ಈಗ ಅನುಕೂಲವಾದಂತೆ ಬಸ್ಸನ್ನೋ ಗಾಡಿಯನ್ನೋ ಹಿಡಿಯುತ್ತೇವೆ. ಎರಡು ವರ್ಷಗಳ ಹಿಂದಿನ ಅಂಥದೊಂದು ದಿನದ ಸಂಗತಿಯನ್ನು ಓದುಗ ಬಂಧುಗಳ ಮುಂದಿಡಬೇಕೆಂದು ಬಹುದಿನಗಳಿಂದ ಅಂದುಕೊಂಡಿದ್ದೆ.

ಅಂದು ಮೊದಲು ಬ್ಯಾಡಗಿಯಲ್ಲಿಳಿದೆವು. ಜನವರಿಯಿಂದ ಬೇಸಿಗೆಯ ತನಕ ಅಲ್ಲಿಯ ಮಾರುಕಟ್ಟೆಯಲ್ಲಿ ಕೆಂಪು ಮೆಣಸಿನಕಾಯಿಯದೇ ರಾಜ್ಯಭಾರ. ಚೀಲಗಳ ಸಾಲಿನ ನಡುವೆ ಕಾಲಿಟ್ಟೊಡನೆಯೇ ನಾಲ್ವರಿಗೂ ಸೀನು ಹತ್ತಿತು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಕಡುಗೆಂಪು ಬಣ್ಣ, ಸುಕ್ಕುಗಟ್ಟಿದ ಸಿಪ್ಪೆ, ಮಿತವಾದ ಖಾರ ಇದರ ಲಕ್ಷಣಗಳು. ನೋಡಿದರೆ ಬೆಂಕಿ, ತಿಂದರೆ ಸಾಧು ಎಂದು ನಮ್ಮ ಶಿಕ್ಷಕ ಮಿತ್ರರು ಇದನ್ನು ಬಣ್ಣಿಸುವುದುಂಟು. ಅಲ್ಲಿಯೇ ಒಂದು ಅಂಗಡಿಯ ನೆರಳಿನಲ್ಲಿ ಜೀರಿಗೆ, ಕರಿಬೇವು, ಹಸಿಶುಂಠಿ ಹಾಕಿ ಕಡೆದ ಮಜ್ಜಿಗೆಯನ್ನು ಕುಡಿದೆವು. ಮೂಗಿನ ಘಾಟು ಗಂಟಲಿನಿಂದಿಳಿಯಲು ಅದಕ್ಕಿಂತ ಒಳ್ಳೆಯ ಔಷಧವಿಲ್ಲ.

ರಾಣೇಬೆನ್ನೂರಿನಲ್ಲಿ ಊಟದ ಹೊತ್ತಾಯಿತು. ಖಾನಾವಳಿಯಲ್ಲಿ ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಮಾವಿನ ಕಾಲವಾದ್ದರಿಂದ ಕೊನೆಗೆ ಒಂದೊಂದು ಬಟ್ಟಲು ಸೀಕರಣೆಯೂ ಬಂದಿತು. ಹಾನಗಲ್ಲು, ಧಾರವಾಡಗಳ ಕಡೆಯ ಆಪೂಸು ಹಣ್ಣಿನ ತಿರುಳನ್ನು ಹಿಂಡಿ, ಬೆಲ್ಲ, ಹಾಲು, ಏಲಕ್ಕಿ ಬೆರೆಸಿದ ಸೀಕರಣೆಯ ಮುಂದೆ ಉಳಿದ ಸಿಹಿಗಳೆಲ್ಲ ಕೈಕಟ್ಟಿ ನಿಲ್ಲಬೇಕು. ನಮ್ಮ ಒಕ್ಕಲಿಗ ಮಿತ್ರರಿಗೆ ಸಕ್ಕರೆ ಕಾಯಿಲೆಯಿದೆ. ಅವರು ಎರಡು ಚಮಚ ತಿಂದು ಉಳಿದುದನ್ನು ನನ್ನತ್ತ ಸರಿಸಿ, "ನನ್ನ ಪಾಲಿನ ಪುಣ್ಯವೂ ನಿಮಗೇ ಇರಲಿ" ಎಂದರು. ಸಂಜೆ ಹಾವೇರಿಗೆ ಬಂದು ಸಿದ್ಧೇಶ್ವರ ದೇವಾಲಯದ ಕಲ್ಲಿನ ತಂಪಿನಲ್ಲಿ ಅರ್ಧ ಗಂಟೆ ಕುಳಿತೆವು. ಅನಂತರ ಗಿರಮಿಟ್ಟು, ಬಿಸಿ ಮಿರ್ಚಿ. ಚುರುಮುರಿಗೆ ಹುಣಸೆ ಬೆಲ್ಲದ ಒಗ್ಗರಣೆ, ಪುಟಾಣಿ ಹಿಟ್ಟು, ಹೆಚ್ಚಿದ ಉಳ್ಳಾಗಡ್ಡಿ ಬಿದ್ದು, ಅದು ಮೆತ್ತಗಾಗುವ ಮೊದಲೇ ತಿಂದು ಮುಗಿಸುವ ಅವಸರವೇ ಒಂದು ಆನಂದ.

ಎಲ್ಲಕ್ಕೂ ಕೊನೆಯದು ಕಬ್ಬಿನ ಹಾಲು. ಗಾಣದವನು ನಾಲ್ಕು ಗಾಜಿನ ಲೋಟಗಳನ್ನು ಬಕೀಟಿನಲ್ಲಿ ಅದ್ದಿ ತೊಳೆದು, ಶುಂಠಿ ನಿಂಬೆ ಸೇರಿಸಿ ಹಿಂಡಿದ ಹಾಲನ್ನು ತುಂಬಿ ಕೊಟ್ಟನು. ಮೂವರು ಕುಡಿದು ಮುಗಿಸಿದರೂ ರೇಲ್ವೆಯ ಮಿತ್ರರು ಲೋಟವನ್ನು ಕೈಯಲ್ಲಿ ಹಿಡಿದು ನೋಡುತ್ತಲೇ ಇದ್ದರು.

"ಏನು, ಶುಂಠಿ ಹೆಚ್ಚಾಯಿತೇ?" ಎಂದು ಕೇಳಿದೆ.

"ಶುಂಠಿ ಬರೋಬ್ಬರಿ ಐತಿ. ನಾಲ್ಕೂ ಲೋಟ ಒಂದ ಬಕೀಟಿನ್ಯಾಗ ತೊಳದು ಕೊಟ್ಟನಲ್ಲ, ಅದನ್ನ ನೋಡಾಕತ್ತೇನಿ" ಎಂದರು. ತುಸು ತಡೆದು, "ನಿಮ್ಮ ಮನೀ ಅರವಟ್ಟಿಗಿ ನೆನಪೈತೇನು?" ಎಂದು ಕೇಳಿದರು.

ನೆನಪಿಲ್ಲದೆ ಏನು! 1960ರ ದಶಕದ ಕೊನೆಯ ಮಾತು. ನಮ್ಮ ಅಜ್ಜನವರು ಪ್ರತಿ ಬೇಸಿಗೆಯಲ್ಲಿ ದಾರಿಯ ಬೇವಿನ ಮರದ ಕೆಳಗೆ ಚಪ್ಪರ ಹಾಕಿಸಿ, ಮಳಲಿನ ಮೇಲೆ ದೊಡ್ಡ ಹರವಿಗಳನ್ನಿಟ್ಟು ನೀರು ತುಂಬಿಸುತ್ತಿದ್ದರು. ಸೋಮವಾರ ಮಜ್ಜಿಗೆ, ಬಸವ ಜಯಂತಿಗೆ ಪಾನಕ. ನಮ್ಮ ನಾಡಿನ ಹಳೆಯ ಶಾಸನಗಳಲ್ಲಿ ಅರವಂಟಿಗೆಗಳಿಗೆ ದತ್ತಿ ಬಿಟ್ಟ ಉಲ್ಲೇಖಗಳಿವೆ. ಅಂಥ ಪುಣ್ಯಕಾರ್ಯ ನಮ್ಮ ಮನೆಯಲ್ಲಿ ನಡೆಯುತ್ತದೆಂಬ ಹೆಮ್ಮೆ ನನಗಿತ್ತು. ಶಾಲೆಗೆ ಸೂಟಿಯಾದ ಮೇಲೆ ನೀರು ಹಾಕುವ ಕೆಲಸವೂ ನನ್ನದೇ. ಕೆಲವರಿಗೆ ತಾಮ್ರದ ತಂಬಿಗೆಯನ್ನೇ ಕೈಗೆ ಕೊಡುತ್ತಿದ್ದೆ. ಕೆಲವರು ದೂರದಲ್ಲಿಯೇ ಬಾಗಿ ಬೊಗಸೆಯೊಡ್ಡುತ್ತಿದ್ದರು, ಅವರಿಗೆ ಮೇಲಿನಿಂದ ಸುರಿಯುತ್ತಿದ್ದೆ. ಯಾರಿಗೆ ತಂಬಿಗೆ, ಯಾರಿಗೆ ಬೊಗಸೆ ಎಂಬುದನ್ನು ನನಗೆ ಯಾರೂ ಕುಳ್ಳಿರಿಸಿ ಕಲಿಸಿರಲಿಲ್ಲ. ನೋಡಿ ನೋಡಿಯೇ ಕಲಿತಿದ್ದೆ.

ಶಾಲೆಯಲ್ಲಿ ನನ್ನ ಪಕ್ಕದಲ್ಲಿಯೇ ಕೂರುತ್ತಿದ್ದ ಈ ಗೆಳೆಯನಿಗೂ ಬೊಗಸೆಗೇ ಸುರಿದಿದ್ದೆ.

"ನೀರು ಬಲು ತಂಪಿತ್ತು, ಸುಳ್ಳು ಹೇಳಬಾರದು" ಎಂದು ಅವರು ಹೇಳಿದರು. "ಆದರ ಅರ್ಧ ನೀರು ಮೊಳಕೈಯಿಂದ ಸೋರಿ ಹೋಗತಿತ್ತು. ಇನ್ನೊಂದು ಸಲ ಹಾಕು ಅನ್ನಾಕ ಧೈರ್ಯ ಇರಲಿಲ್ಲ. ಎಂದೂ ಹೊಟ್ಟಿ ತುಂಬ ಕುಡಿಯಲಿಲ್ಲ ನೋಡು." ಆಮೇಲೆ ನಗುತ್ತಲೇ ಇನ್ನೊಂದು ಮಾತು ಹೇಳಿದರು. "ನಾವು ವರ್ಷಾ ವರ್ಷಾ ಹಾವೇರಿಗೆ, ರಾಣೇಬೆನ್ನೂರಿಗೆ ಯಾಕ ಬರತೇವಿ ಹೇಳು? ಊರಾಗ ನಾಲ್ಕೂ ಮಂದಿ ಒಂದ ಪಡಸಾಲಿಯೊಳಗ ಕುಂತು ಎಂದರ ಪಾನಕ ಕುಡದೇವೇನು?"

ನಾವು ಮೂವರೂ ಉತ್ತರ ಹೇಳಲಿಲ್ಲ. ಪೇಟೆಯ ರುಚಿಗೆ ಮನಸೋತು ಬರುತ್ತೇವೆಂದು ನಾನು ತಿಳಿದಿದ್ದೆ. ಐದು ದಶಕಗಳ ಗೆಳೆತನದಲ್ಲಿ ಅವರು ನಮ್ಮ ಮನೆಯ ಕಟ್ಟೆಯವರೆಗೆ ಅದೆಷ್ಟೋ ಸಲ ಬಂದಿದ್ದರು. "ಅವಸರ ಐತಿ" ಎಂದು ನಿಂತಲ್ಲೇ ಮಾತನಾಡಿ ಹೋಗುತ್ತಿದ್ದರು. ಆ ಅವಸರದ ಅರ್ಥವನ್ನು ನಾನು ಎಂದೂ ವಿಚಾರಿಸಿರಲಿಲ್ಲ. ಖಾನಾವಳಿಯ ತಟ್ಟೆಗೆ, ಗಾಣದ ಲೋಟಕ್ಕೆ ಜಾತಿಯಿಲ್ಲದ್ದರಿಂದ ನಮ್ಮ ಗೆಳೆತನ ಅಲ್ಲಿಗೆ ಹೋಗಿ ಉಣ್ಣುತ್ತಿತ್ತು.

ನಾವು ಬಸವಣ್ಣನವರ ಹೆಸರು ಹೇಳುವ ಜನ. ಅಸ್ಪೃಶ್ಯನೆನಿಸಿಕೊಂಡಿದ್ದ ಶರಣ ಸಂಬೋಳಿ ನಾಗಿದೇವನ ಮನೆಗೆ ಹೋಗಿ ಪ್ರಸಾದ ಸ್ವೀಕರಿಸಿದ ಬಸವಣ್ಣನವರ ಮೇಲೆ ಬಿಜ್ಜಳನ ಆಸ್ಥಾನಕ್ಕೆ ದೂರು ಹೋಯಿತೆಂಬ ಕಥೆಯನ್ನು ಪುರಾಣ ಪ್ರವಚನಗಳಲ್ಲಿ ಎಷ್ಟು ಸಲ ಕೇಳಿದ್ದೇವೆ! ಅಲ್ಲಿ ಬಸವಣ್ಣನವರು ನಾಗಿದೇವನನ್ನು ಕರೆದು ದೂರದಿಂದ ಬಡಿಸಲಿಲ್ಲ, ತಾವೇ ಅವನ ಮನೆಗೆ ಹೋಗಿ ಉಂಡರು. ನಮ್ಮ ರಾಣೇಬೆನ್ನೂರು ತಾಲೂಕಿನ ತುಂಗಭದ್ರೆಯ ದಡದಲ್ಲಿಯೇ ಚೌಡಯ್ಯದಾನಪುರವಿದೆ. ದೋಣಿ ನಡೆಸುವ ಕಾಯಕದ ಅಂಬಿಗರ ಚೌಡಯ್ಯನವರ ನೆನಪನ್ನು ಹೊತ್ತ ಊರದು. ಹರ್ಡೇಕರ ಮಂಜಪ್ಪನವರು 1913ರಲ್ಲಿ ದಾವಣಗೆರೆಯಲ್ಲಿ ಬಸವ ಜಯಂತಿಯನ್ನು ಸಾರ್ವಜನಿಕವಾಗಿ ಆಚರಿಸುವ ಪದ್ಧತಿಯನ್ನು ಆರಂಭಿಸಿದರು. ಆ ಹಬ್ಬ ಬರುವುದೂ ವೈಶಾಖ ಶುದ್ಧ ತದಿಗೆಯಂದು, ನಡುಬೇಸಿಗೆಯಲ್ಲಿ. ಆದ್ದರಿಂದಲೇ ಅಂದು ಪಾನಕ, ಕೋಸಂಬರಿ, ಮಜ್ಜಿಗೆ ಹಂಚುವ ರೂಢಿ ಎಷ್ಟು ಸಹಜವಾಗಿ ಬಂದಿದೆ!

ನೀರಿನ ಪ್ರಶ್ನೆ ನಮ್ಮೂರಿನದಷ್ಟೇ ಅಲ್ಲ. ಡಾ. ಬಾಬಾಸಾಹೇಬ ಅಂಬೇಡ್ಕರರು 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಗಿಳಿದು ನೀರು ಕುಡಿದರು. ಆಗ ನಮ್ಮ ಧಾರವಾಡ ಜಿಲ್ಲೆಯೂ ಮಹಾಡವೂ ಒಂದೇ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಅಸ್ಪೃಶ್ಯತೆಯ ಆಚರಣೆ ಅಪರಾಧವೆಂದು 1955ರಲ್ಲಿ ಕಾಯ್ದೆಯೇ ಆಯಿತು. ನಾನು ಬೊಗಸೆಗೆ ನೀರು ಸುರಿಯುತ್ತಿದ್ದುದು ಅದಾಗಿ ಹತ್ತು ವರ್ಷಗಳು ಕಳೆದ ಮೇಲೆ, ಅದೂ ಪುಣ್ಯದ ಹೆಸರಿನಲ್ಲಿ.

ಮರುವರ್ಷದ ಬಸವ ಜಯಂತಿಗೆ ನಾವು ಎರಡು ಕೆಲಸ ಮಾಡಿದೆವು. ಅಜ್ಜನವರ ಕಾಲಕ್ಕೇ ನಿಂತಿದ್ದ ಅರವಟ್ಟಿಗೆಯನ್ನು ಅದೇ ದಾರಿಯಲ್ಲಿ ಮತ್ತೆ ತೆರೆದೆವು. ಎಲ್ಲರಿಗೂ ಒಂದೇ ಬಗೆಯ ಸ್ಟೀಲಿನ ಲೋಟ, ತೊಳೆಯಲು ಒಂದೇ ತೊಟ್ಟಿ. ನೀರು ಹಾಕುವ ಜಾಗದಲ್ಲಿ ರೇಲ್ವೆಯ ಮಿತ್ರರು ಕುಳಿತರು. ಲೋಟ ತೊಳೆಯುವ ಕೆಲಸವನ್ನು ನಾನು ಕೇಳಿ ತೆಗೆದುಕೊಂಡೆ. ಎಲ್ಲವೂ ಸುಗಮವಾಯಿತೆಂದು ಹೇಳಿದರೆ ತಪ್ಪಾದೀತು. ಮೊದಲ ದಿನ ನಮ್ಮ ಬಳಗದವರೇ ಕೆಲವರು "ಈಗಷ್ಟೇ ಕುಡಿದು ಬಂದೆವು" ಎಂದು ಮುಂದೆ ನಡೆದರು. ಮಿತ್ರರು ಅದನ್ನು ಕಂಡೂ ಕಾಣದಂತೆ ಮುಂದಿನ ಲೋಟ ತುಂಬಿದರು. ಮಧ್ಯಾಹ್ನ ಒಬ್ಬ ಮುದುಕಿ ಬಂದು ರೂಢಿಯಂತೆ ದೂರ ನಿಂತು ಬೊಗಸೆಯೊಡ್ಡಿದಳು. ಅವರು ಎದ್ದುಹೋಗಿ ಅವಳ ಬೊಗಸೆಯೊಳಗೆ ತುಂಬಿದ ಲೋಟವನ್ನೇ ಇಟ್ಟರು. ಅವಳು ಎರಡು ಲೋಟ ಕುಡಿದಳು. ದಿನ ಕಳೆದಂತೆ ಮುಂದೆ ನಡೆದಿದ್ದವರಲ್ಲಿಯೂ ಕೆಲವರು ನಿಂತು ಕುಡಿದರು. ಎಲ್ಲರೂ ಕುಡಿಯಲಿಲ್ಲ.

ಎರಡನೆಯ ಕೆಲಸ, ಆ ಸಂಜೆ ನಮ್ಮ ಮನೆಯ ಪಡಸಾಲೆಯಲ್ಲಿ ನಾಲ್ಕೂ ಮನೆಗಳವರು ಒಂದೇ ಪಂಕ್ತಿಯಲ್ಲಿ ಕುಳಿತು ಹೋಳಿಗೆ ಸೀಕರಣೆ ಉಂಡದ್ದು. ಅವರ ಪತ್ನಿಯವರು ತಮ್ಮ ಮನೆಯಿಂದ ಜೋಳದ ಅಂಬಲಿ ಮಾಡಿ ತಂದಿದ್ದರು. ಅದನ್ನು ನನ್ನ ಮನೆಯಾಕೆ ಮೊದಲು ತಾನು ಕುಡಿದು, ಆಮೇಲೆ ನಮಗೆ ಬಡಿಸಿದಳು.

ಈ ಬೇಸಿಗೆಗೆ ಅರವಟ್ಟಿಗೆ ತೆರೆಯಬಯಸುವ ಓದುಗರಿಗೆ ಕೆಲವು ಅನುಭವದ ಮಾತುಗಳು. ಮಣ್ಣಿನ ಹರವಿಯ ಸೂಕ್ಷ್ಮ ರಂಧ್ರಗಳಿಂದ ಒಸರುವ ನೀರು ಆವಿಯಾಗುವಾಗ ಒಳಗಿನ ಶಾಖವನ್ನು ಒಯ್ಯುವುದರಿಂದ ನೀರು ತಣ್ಣಗಾಗುತ್ತದೆ. ಆದ್ದರಿಂದ ಹರವಿಯನ್ನು ಗಾಳಿಯಾಡುವ ನೆರಳಿನಲ್ಲಿಟ್ಟು, ಸುತ್ತಲೂ ಒದ್ದೆ ಬಟ್ಟೆ ಸುತ್ತಬೇಕು. ಪಾನಕಕ್ಕೆ ಬೆಲ್ಲವನ್ನು ಕರಗಿಸಿ ಸೋಸಿ, ಒಣಶುಂಠಿ, ಏಲಕ್ಕಿ, ತುಸು ಮೆಣಸಿನ ಪುಡಿ, ನಿಂಬೆರಸ ಸೇರಿಸಿದರೆ ಸಾಕು. ಪೇಟೆಯ ಬರ್ಫದ ನೀರು ಶುದ್ಧವೆಂದು ಹೇಳಲಾಗದು, ಅದರ ಗೊಡವೆ ಬೇಡ. ಬೆವರಿನೊಡನೆ ಉಪ್ಪೂ ಹೋಗುವುದರಿಂದ ದುಡಿದು ಬಂದವರಿಗೆ ಚಿಟಿಕೆ ಉಪ್ಪು ಹಾಕಿದ ತೆಳು ಮಜ್ಜಿಗೆ ಬಹಳ ಹಿತ. ಸಕ್ಕರೆ ಕಾಯಿಲೆಯುಳ್ಳವರಿಗೂ ಪಾನಕಕ್ಕಿಂತ ಅದೇ ಲೇಸು. ಜೋಳದ ಹಿಟ್ಟನ್ನು ಕುದಿಸಿ ಆರಿಸಿ ಮಜ್ಜಿಗೆ ಬೆರೆಸಿದ ಅಂಬಲಿಯು ನೀರಡಿಕೆಯೊಂದಿಗೆ ಹಸಿವನ್ನೂ ನೀಗುತ್ತದೆ.

ಇವೆಲ್ಲಕ್ಕಿಂತ ಮೊದಲು ತಾಯಂದಿರು, ಸೋದರಿಯರು ತಮ್ಮ ಅಡುಗೆಮನೆಯ ಮಾಡವನ್ನೊಮ್ಮೆ ನೋಡಬೇಕೆಂದು ನನ್ನ ವಿನಂತಿ. ಮನೆಗೆಲಸಕ್ಕೆ ಬರುವವರಿಗಾಗಿ, ಹೊಲದ ಆಳಿಗಾಗಿ ಬೇರೆಯಾಗಿ ಇಟ್ಟ ಲೋಟವೊಂದು ಕಿಟಕಿಯ ಮೂಲೆಯಲ್ಲಿ ಬೋರಲಾಗಿ ಬಿದ್ದಿರುವುದುಂಟು. ನಮ್ಮ ಮನೆಯಲ್ಲಿಯೂ ಇತ್ತು. ಅದನ್ನು ತೊಳೆದು ಉಳಿದ ಲೋಟಗಳ ಸಾಲಿನಲ್ಲಿ ಇಟ್ಟ ಮೇಲೆ ಈಗ ಯಾವುದು ಅದು ಎಂದು ನನಗೂ ಗುರುತು ಹತ್ತುವುದಿಲ್ಲ.

ಹಾವೇರಿ, ರಾಣೇಬೆನ್ನೂರುಗಳ ತಿರುಗಾಟವನ್ನು ನಾವು ಬಿಟ್ಟಿಲ್ಲ. ಕಬ್ಬಿನ ಹಾಲಿನ ರುಚಿ ಅಲ್ಲಿಯದೇ. ಆದರೆ ಈಗ ಮರಳಿ ಬಂದ ಮೇಲೆ ನಾಲ್ವರೂ ನಮ್ಮ ಪಡಸಾಲೆಯಲ್ಲಿ ಕುಳಿತು ಇನ್ನೊಂದು ಲೋಟ ಮಜ್ಜಿಗೆ ಕುಡಿದೇ ಚದುರುತ್ತೇವೆ. ಮಿತ್ರರಿಗೆ ಈಗ ಅವಸರವಿಲ್ಲ.