ಮಾರ್ಗದರ್ಶಕರ ಆಯ್ಕೆ: ಪ್ರಶ್ನೆ ಮೊದಲು, ಹೆಸರು ಆಮೇಲೆ

ಅಮೆರಿಕದಲ್ಲಿ ರಾಜ್ಯಶಾಸ್ತ್ರದ ಪಿಎಚ್.ಡಿ.ಗೆ ಸೇರಿದವರು ಸಾಮಾನ್ಯವಾಗಿ ಮೊದಲೆರಡು ವರ್ಷ ತರಗತಿಗಳಲ್ಲಿ ಓದಿ, ಆಮೇಲೆ ಮಾರ್ಗದರ್ಶಕರನ್ನು ಆರಿಸಿಕೊಳ್ಳುತ್ತಾರೆ. ತೌಲನಿಕ ರಾಜಕೀಯ, ಅಂತರರಾಷ್ಟ್ರೀಯ ಸಂಬಂಧ, ರಾಜಕೀಯ ಸಿದ್ಧಾಂತ ಹೀಗೆ ಶಾಖೆಗಳು ಹಲವು. ವಿಷಯ ಎರಡು ಶಾಖೆಗಳಿಗೆ ಸೇರಿದರೆ ಯಾರ ಬಳಿ ಹೋಗುವುದು?

ದೊಡ್ಡ ಹೆಸರಿಗೆ ಮರುಳಾಗದೆ ಪ್ರಶ್ನೆಯ ಬೆನ್ನು ಹತ್ತುವುದೇ ಮೇಲು. ಎಲಿನಾರ್ ಆಸ್ಟ್ರಂ ಅವರಿಗೆ ಗಣಿತ ಸಾಲದೆಂದು ಅರ್ಥಶಾಸ್ತ್ರದ ಪಿಎಚ್.ಡಿ.ಗೆ ಪ್ರವೇಶ ಸಿಗಲಿಲ್ಲ. ರಾಜ್ಯಶಾಸ್ತ್ರದ ಸೆಮಿನಾರೊಂದರಲ್ಲಿ ಸಿಕ್ಕ ಅಂತರ್ಜಲದ ಪ್ರಶ್ನೆಯನ್ನೇ ಹಿಡಿದು 1965ರಲ್ಲಿ ಪದವಿ ಪಡೆದರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡರು.

ತನ್ನ ಪ್ರಶ್ನೆಗೆ ಬೇಕಾದ ಸಂಶೋಧನಾ ವಿಧಾನ ಬಲ್ಲವರನ್ನು ವಿದ್ಯಾರ್ಥಿ ಮುಖ್ಯ ಮಾರ್ಗದರ್ಶಕರಾಗಿ, ಇನ್ನೊಂದು ಶಾಖೆಯವರನ್ನು ಪ್ರಬಂಧ ಸಮಿತಿಯ ಸದಸ್ಯರಾಗಿ ಆರಿಸಿಕೊಳ್ಳಬಹುದು. ಅದಕ್ಕೂ ಮೊದಲು ಅವರ ಹಳೆಯ ವಿದ್ಯಾರ್ಥಿಗಳನ್ನು ವಿಚಾರಿಸಬೇಕು: ಕರಡು ಓದಿ ಹಿಂತಿರುಗಿಸಲು ಎಷ್ಟು ದಿನ ಹಿಡಿಯುತ್ತದೆ? ಐದಾರು ವರ್ಷಗಳ ದುಡಿಮೆಯ ಮಾತಿದು.