ಬೀಗದಿಂದ ಲೇಖಕರ ಹೊಟ್ಟೆ ತುಂಬುವುದಿಲ್ಲ

ಇ-ಪುಸ್ತಕಕ್ಕೆ ಬೀಗ ಜಡಿದರೆ ಲೇಖಕರು ಬದುಕಿಕೊಳ್ಳುತ್ತಾರೆ ಎಂಬ ಮಾತನ್ನು ಬಹಳ ಕಾಲದಿಂದ ಕೇಳುತ್ತಿದ್ದೇವೆ. ಡಿಆರ್‌ಎಂ ಎಂಬ ಈ ಬೀಗದ ಬಿಸಿ ತಟ್ಟುವುದು ಮಾತ್ರ ಕದ್ದವರಿಗಲ್ಲ, ದುಡ್ಡು ಕೊಟ್ಟವರಿಗೆ.

2009ರ ಜುಲೈನಲ್ಲಿ ಅಮೆಜಾನ್, ಗ್ರಾಹಕರ ಕಿಂಡಲ್‌ಗಳಿಂದ ಆರ್ವೆಲ್‌ನ ‘1984’ ಮತ್ತು ‘ಅನಿಮಲ್ ಫಾರ್ಮ್’ ಪ್ರತಿಗಳನ್ನು ಹೇಳದೆ ಕೇಳದೆ ಅಳಿಸಿಹಾಕಿತು. ಆ ಪ್ರತಿಗಳನ್ನು ಮಾರಾಟಕ್ಕಿಟ್ಟವರಿಗೆ ಹಕ್ಕಿರಲಿಲ್ಲ ಎಂಬುದು ಅದರ ಸಮಜಾಯಿಷಿ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ಕೊಂಡವರ ಪುಸ್ತಕಗಳೂ ಮಾಯವಾದವು. ಹಣ ವಾಪಸು ಬಂತು, ನಿಜ. ಆದರೆ ಅಂಗಡಿ ಮುಚ್ಚಿತೆಂದು ಮನೆಯ ಕಪಾಟು ಖಾಲಿಯಾಗುವುದುಂಟೆ?

ಹೋಗಲಿ, ಕಳವಾದರೂ ನಿಂತಿತೆ? ಕನ್ನಡದಲ್ಲಿ ಹರಿದಾಡುವ ಪಿಡಿಎಫ್‌ಗಳಲ್ಲಿ ಎಷ್ಟೋ ಅಚ್ಚಾದ ಪುಸ್ತಕವನ್ನೇ ಸ್ಕ್ಯಾನ್ ಮಾಡಿದವು. ಕಾಗದಕ್ಕೆ ಯಾವ ಬೀಗ? ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಡಿಜಿಟಲ್ ಬೀಗ ಒಡೆದರೆ ಎರಡು ವರ್ಷದವರೆಗೆ ಜೈಲು ಎಂದು ನಮ್ಮ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ 65ಎ ಕಲಮು ಸೇರಿತು. ಅದರಿಂದ ಲೇಖಕರ ಖಾತೆಗೆ ಬಂದದ್ದೇನು? ಅದೇ ವರ್ಷ ಟಾರ್ ಪ್ರಕಾಶನ ತನ್ನ ಇ-ಪುಸ್ತಕಗಳ ಬೀಗ ತೆಗೆಯಿತು. ವರ್ಷ ಕಳೆದರೂ ಕಳ್ಳಪ್ರತಿ ಹೇಳಿಕೊಳ್ಳುವಷ್ಟು ಹೆಚ್ಚಲಿಲ್ಲವೆಂದು ಅದರ ಬ್ರಿಟನ್ ಶಾಖೆಯೇ ಹೇಳಿತು.

ಬೀಗ ಬೇಡವೆಂದರೆ ಪುಸ್ತಕ ಪುಕ್ಕಟೆ ಎಂದಲ್ಲ. ‘ಸಾಹಿತ್ಯ ಸೇವೆ’ ಎನ್ನುತ್ತ ಹೊಸ ಕಾದಂಬರಿಯ ಪಿಡಿಎಫ್ ಹಂಚುವವರು ಮಾಡುವುದು ಬರೆದವರ ಕೂಲಿಯ ಕಳವು. ಇದನ್ನು ವಿದ್ಯಾರ್ಥಿ ಗೆಳೆಯರಿಗೂ ನೇರವಾಗಿಯೇ ಹೇಳಬೇಕು.

ಹಾಗಾದರೆ ದಾರಿ? ಬ್ರಿಟನ್ನಿನಲ್ಲಿ 1979ರ ಕಾಯ್ದೆಯ ಪ್ರಕಾರ ಸಾರ್ವಜನಿಕ ಗ್ರಂಥಾಲಯದಿಂದ ಪುಸ್ತಕ ಎರವಲು ಹೋದಷ್ಟಕ್ಕೂ ಲೇಖಕರಿಗೆ ಸರ್ಕಾರ ಹಣ ಕೊಡುತ್ತದೆ. ನಾವೂ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ಕಟ್ಟುತ್ತೇವೆ. ಆದರೆ ಇಲ್ಲಿ ಒಂದು ಪ್ರತಿಯನ್ನು ನೂರು ಜನ ಓದಿದರೂ ಬರೆದವರಿಗೆ ಸಿಗುವುದು ಆ ಒಂದು ಪ್ರತಿಯ ಗೌರವಧನ, ಅದೂ ಪ್ರಕಾಶಕರು ಲೆಕ್ಕ ಕೊಟ್ಟರೆ.

ಎಷ್ಟು ಪ್ರತಿ ಮಾರಾಟವಾಯಿತೆಂದು ಲೇಖಕರಿಗೆ ವರ್ಷಕ್ಕೊಮ್ಮೆಯಾದರೂ ಲೆಕ್ಕ ಬರಲಿ. ಗ್ರಂಥಾಲಯ ಕರದಲ್ಲಿ ಅವರಿಗೊಂದು ಪಾಲಿರಲಿ. ಇ-ಪುಸ್ತಕ ಸುಲಭದ ಬೆಲೆಗೆ, ಕೊಂಡವರ ಬಳಿಯೇ ಉಳಿಯುವಂತೆ ಸಿಗಲಿ. ಇಷ್ಟನ್ನೂ ಮಾಡದೆ ಲೇಖಕರ ಹೆಸರಿನಲ್ಲಿ ಓದುಗರ ಕೈಗೆ ಕೋಳ ತೊಡಿಸುವುದನ್ನು ಮೊದಲು ನಿಲ್ಲಿಸಿ.