ನೋವು ಹೇಳದ ಕಿಡ್ನಿ

‘ತಾತಾ, ನಿನ್ನ ಹೊಟ್ಟೆಯಲ್ಲೂ ಪಾಪು ಇದೆಯಾ?’ ಸ್ಕ್ಯಾನಿಂಗ್ ಕೋಣೆಯ ಹೊರಗೆ ಮೊಮ್ಮಗಳು ಕೇಳಿದಳು. ಬಸುರಿಯರ ಸಾಲಿನಲ್ಲಿ ನಾನೊಬ್ಬನೇ ಮುದುಕ. ಎಲ್ಲರೂ ನಕ್ಕರು.

‘ಪಾಪು ಅಲ್ಲ ಪುಟ್ಟಿ, ನಿಮ್ಮಜ್ಜಿ ಕೊಟ್ಟ ಕಿಡ್ನಿ’ ಎಂದೆ.

ಅದನ್ನು ಕೂರಿಸಿರುವುದು ಬೆನ್ನಿನ ಹತ್ತಿರವಲ್ಲ, ಕೆಳಹೊಟ್ಟೆಯ ಬಲಪಕ್ಕದಲ್ಲಿ. ನನ್ನ ಹಳೆಯವೆರಡೂ ಇದ್ದಲ್ಲೇ ಇವೆ. ಹೊಸದು ಚರ್ಮಕ್ಕೆ ಹತ್ತಿರ. ಅಲ್ಟ್ರಾಸೌಂಡ್‌ನಲ್ಲಿ ಚೆನ್ನಾಗಿ ಕಾಣುತ್ತದೆ. ನಮ್ಮ ಕಿವಿಗೆ ಕೇಳುವುದು 20,000 ಹರ್ಟ್ಸ್‌ವರೆಗಿನ ಶಬ್ದ. ಈ ಯಂತ್ರದ್ದು 20 ಲಕ್ಷಕ್ಕೂ ಮೇಲೆ. ಒಳಹೊಕ್ಕು ಮರಳುವ ಪ್ರತಿಧ್ವನಿಯೇ ಚಿತ್ರವಾಗುತ್ತದೆ. ಎಕ್ಸ್‌ರೇಯಂತೆ ವಿಕಿರಣವಿಲ್ಲ. ಡಾಪ್ಲರ್‌ನಲ್ಲಿ ರಕ್ತದ ಓಟವೂ ಕಾಣುತ್ತದೆ.

ಎರಡು ವರ್ಷದ ಹಿಂದೆ ‘ನೋವೇನೂ ಇಲ್ಲವಲ್ಲ’ ಎಂದು ಒಂದು ತಪಾಸಣೆ ತಪ್ಪಿಸಿದ್ದೆ. ಮುಂದಿನ ಸಲ ರಕ್ತದಲ್ಲಿ ಕ್ರಿಯಾಟಿನಿನ್ ಏರಿತ್ತು. ಸ್ಕ್ಯಾನ್ ಮಾಡಿದರೆ, ಮೂತ್ರನಾಳ ಕಟ್ಟಿಕೊಂಡು ಕಿಡ್ನಿ ಊದಿತ್ತು. ಸ್ಟೆಂಟ್ ಹಾಕಿ ಉಳಿಸಿದರು.

‘ನೋವೇ ಆಗಲಿಲ್ಲವಲ್ಲ ಡಾಕ್ಟ್ರೇ?’

‘ಕಸಿ ಮಾಡುವಾಗ ರಕ್ತನಾಳ ಜೋಡಿಸುತ್ತೇವೆ, ನರ ಜೋಡಿಸುವುದಿಲ್ಲ. ಅದಕ್ಕೆ ನೋವು ಹೇಳಲು ಬಾರದು. ನಾವೇ ಹೋಗಿ ವಿಚಾರಿಸಬೇಕು.’

ಸ್ಕ್ಯಾನ್ ಒಂದೇ ಸಾಲದು. ರಕ್ತಪರೀಕ್ಷೆ, ಕೆಲವೊಮ್ಮೆ ಬಯಾಪ್ಸಿಯೂ ಬೇಕು.

ಬ್ಯಾಂಕಿನಲ್ಲಿದ್ದಾಗ ಸಂಜೆ ಕ್ಯಾಷ್ ತಾಳೆಯಾಗದೆ ನಾನು ಮನೆಗೆ ಹೊರಟವನಲ್ಲ. ಇವಳು ಕೊಟ್ಟದ್ದರ ಲೆಕ್ಕವನ್ನೇ ನೋಡದೆ ಬಿಟ್ಟಿದ್ದೆ. ಆಸ್ಪತ್ರೆಯಿಂದ ಬಂದ ದಿನ ಇವಳು ಒಂದು ಮಾತೂ ಆಡಲಿಲ್ಲ. ತಟ್ಟೆ ಮುಂದಿಟ್ಟು ಪಕ್ಕದಲ್ಲೇ ಕುಳಿತಳು.

ಈಗ ಸ್ಕ್ಯಾನಿಂಗ್ ದಿನವನ್ನು ಮೊಮ್ಮಗಳೇ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತಿಸುತ್ತಾಳೆ.